ಪಿನ್ನು ಬಂತು, ಇಕ್ಕಳ ಬರಲಿಲ್ಲ

ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ನಿಂತು, “ಕಾರಿನ ವೈರಿಂಗಿಗೆ ಒಂದು ಕ್ರಿಂಪಿಂಗ್ ಟೂಲ್ ಬೇಕಿತ್ತು” ಅಂದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹಿರಿಯರು ತಲೆ ಎತ್ತಲಿಲ್ಲ. “ಪಿನ್ ಕೌನ್ಸಾ ಹೈ, ಪೆಹ್ಲೆ ವೋ ಬೋಲೋ” ಅಂದರು. ಯಾವ ಪಿನ್ನು ಅಂತ ಮೊದಲು ಹೇಳು, ಟೂಲಿನ ಮಾತು ಆಮೇಲೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಜೇಬಿನಲ್ಲಿ ಸುಟ್ಟು ಕರಕಲಾದ ಒಂದು ಕಪ್ಲರ್ ಇತ್ತು. ಅದನ್ನೇ ತೆಗೆದು ಕೌಂಟರಿನ ಮೇಲಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕಪ್ಪಾದ ಪಿನ್ನನ್ನು ಉಗುರಿನಿಂದ ಕೆರೆದು, “ಇದನ್ನು ಪ್ಲೇಯರ್‌ನಲ್ಲಿ ಒತ್ತಿದ್ದಾರೆ” ಅಂದರು, ಡಾಕ್ಟರು ಎಕ್ಸ್‌ರೇ ನೋಡಿದ ಹಾಗೆ.

ಆ ಕಪ್ಲರಿನ ಕಥೆ ಇಷ್ಟು. ಹಳೆಯ ಮಾರುತಿ 800ರಲ್ಲಿ ಹೈದರಾಬಾದಿನಿಂದ ಬೀದರಿಗೆ ಹೊರಟಿದ್ದೆ. ಜಹೀರಾಬಾದ್ ದಾಟಿ ಬಲಕ್ಕೆ ತಿರುಗುವ ಹೊತ್ತಿಗೆ ಕತ್ತಲಾಗಿತ್ತು. ಹೆಡ್‌ಲೈಟು ಮೊದಲು ಕೆಂಪಗಾಯಿತು, ಆಮೇಲೆ ಮಿಣುಕಿತು, ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಎರಡು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಅದೇ ಜಾಗದ ವೈರು ಬದಲಾಯಿಸಿಕೊಂಡಿದ್ದೆ. ಕೆಲಸ ನೋಡಲು ಚೆನ್ನಾಗಿಯೇ ಇತ್ತು. ಇನ್ಸುಲೇಷನ್ ಟೇಪು ಕೂಡ ನೀಟಾಗಿ ಸುತ್ತಿದ್ದರು.

ಆ ರಾತ್ರಿ ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಅಂಟಿಕೊಂಡು ಬೀದರ್ ಮುಟ್ಟಿದೆ. ಆದರೆ ಅಂಗಡಿಯ ಹಿರಿಯರು ಕೇಳಿದ ಪ್ರಶ್ನೆ ತಲೆಯಲ್ಲಿ ಉಳಿಯಿತು. ಎರಡು ತಂತಿಗಳನ್ನು ಸೇರಿಸುವುದು ಮನುಷ್ಯ ನೂರಾರು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ನಮ್ಮ ಕಡೆಯ ಮೆಕ್ಯಾನಿಕ್‌ಗಳ ಕೈಚಳಕಕ್ಕೆ ಸಾಟಿ ಇಲ್ಲ. ಹಾಗಿದ್ದೂ ಈ ಒಂದು ಚಿಕ್ಕ ಕೆಲಸ ಯಾಕೆ ಇಷ್ಟು ಕೆಟ್ಟದಾಗಿ ಆಗುತ್ತದೆ? ಹುಡುಕುತ್ತ ಹೋದರೆ ಇದು ಕೈಚಳಕದ ಕೊರತೆಯ ಕಥೆಯಲ್ಲ ಅನ್ನಿಸಿತು. ಒಂದು ಸಾಮಾನು ನಮ್ಮೂರಿಗೆ ಬಂದು, ಅದರ ಜೋಡಿ ಸಾಮಾನು ಬಾರದೆ ಉಳಿದ ಕಥೆ.

ಶುರು ಮಾಡಬೇಕಾದದ್ದು 1932ರಿಂದ. ಆ ವರ್ಷದ ಜೂನ್ ತಿಂಗಳಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯವರು ತಮ್ಮದೇ ರಸ್ತೆ ಸಾರಿಗೆ ವಿಭಾಗವನ್ನು ಆರಂಭಿಸಿದರು. 27 ಬಸ್ಸು, 166 ಜನ ನೌಕರರು. ಬಸ್ಸುಗಳು ಸ್ಕಾಟ್ಲೆಂಡಿನ ಅಲ್ಬಿಯನ್ ಕಂಪನಿಯವು. ಆಗಿನ ಒಂದು ಬಸ್ಸನ್ನು ‘ಡೆಕ್ಕನ್ ಕ್ವೀನ್’ ಅನ್ನುವ ಹೆಸರಿನಲ್ಲಿ ಸಾರಿಗೆ ಸಂಸ್ಥೆಯವರು ಇಂದಿಗೂ ಜೋಪಾನ ಮಾಡಿದ್ದಾರೆ. ಗೌಳಿಗುಡದಲ್ಲಿ ವಿಮಾನಕ್ಕೆಂದು ಕಟ್ಟಿದ್ದ ದೊಡ್ಡ ಉಕ್ಕಿನ ಹ್ಯಾಂಗರು ಬಸ್ ನಿಲ್ದಾಣವಾಯಿತು. ಹೈದರಾಬಾದಿಗರು ಅದನ್ನು ಮಿಸಿಸಿಪ್ಪಿ ಹ್ಯಾಂಗರ್ ಎಂದೇ ಕರೆಯುತ್ತಿದ್ದರು. ಅದು 2018ರ ಜುಲೈನಲ್ಲಿ ಒಂದು ಬೆಳಿಗ್ಗೆ ತಾನೇ ತಾನಾಗಿ ಕುಸಿದು ಬಿತ್ತು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಸೀಮೆಯೊಳಗೇ ಇದ್ದದ್ದರಿಂದ, ನಮ್ಮ ಅಜ್ಜಂದಿರ ಪಾಲಿಗೆ ಬಸ್ಸು ಅಂದರೆ ಈ ಇಲಾಖೆಯ ಬಸ್ಸು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಈ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಹೈದರಾಬಾದಿನಲ್ಲಿ ಉಳಿದದ್ದು 1958ರಲ್ಲಿ ಆಂಧ್ರಪ್ರದೇಶ ರಸ್ತೆ ಸಾರಿಗೆ ಸಂಸ್ಥೆಯಾಯಿತು. ರಾಜ್ಯ ಒಡೆದರೂ ಗ್ಯಾರೇಜಿನ ಭಾಷೆ ಒಡೆಯಲಿಲ್ಲ. ಇವತ್ತಿಗೂ ಕಲಬುರಗಿಯ ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್ಕು ‘ಉಸ್ತಾದ್’, ಹೈದರಾಬಾದಿನಲ್ಲೂ ಉಸ್ತಾದ್.

ಆ ಕಾಲದ ಬಸ್ಸಿನಲ್ಲಿ ವಿದ್ಯುತ್ತಿನ ಕೆಲಸ ಎಷ್ಟಿತ್ತು? ಒಂದು ಡೈನಮೊ, ಒಂದು ಬ್ಯಾಟರಿ, ಮುಂದೆ ಎರಡು ದೀಪ, ಹಿಂದೆ ಒಂದೆರಡು, ಒಳಗೆ ಮಂಕಾದ ಬಲ್ಬುಗಳು, ಒಂದು ಹಾರ್ನು. ತಂತಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ತಂತಿಯ ತುದಿಯನ್ನು ಕುಣಿಕೆ ಮಾಡಿ ಹಿತ್ತಾಳೆಯ ಸ್ಕ್ರೂ ಕೆಳಗೆ ಬಿಗಿಯುವುದು ಒಂದು ಪದ್ಧತಿ. ತುದಿಗೆ ಒಂದು ಉಂಗುರವನ್ನು ಸಾಲ್ಡರ್ ಹಾಕಿ ಬೆಸೆದು, ಉಂಗುರವನ್ನು ಬೋಲ್ಟಿಗೆ ಹಾಕುವುದು ಇನ್ನೊಂದು. ಎರಡಕ್ಕೂ ಬೇಕಾದ ವಿದ್ಯೆ ಊರಲ್ಲೇ ಇತ್ತು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರನ್ನು ನೋಡಿದವರಿಗೆ ಗೊತ್ತು: ಪಾತ್ರೆ ಕಾಯಿಸಬೇಕು, ನವಸಾಗರ ಉಜ್ಜಿ ಕಿಲುಬು ಬಿಡಿಸಬೇಕು, ಆಮೇಲೆ ತವರ ಮುಟ್ಟಿಸಿದರೆ ತಾನಾಗಿ ಹರಡುತ್ತದೆ. ತಂತಿಗೆ ಸಾಲ್ಡರ್ ಹಾಕುವುದೂ ಅದೇ ವಿದ್ಯೆಯ ಮರಿ. ಕಾವು ಎಷ್ಟು ಅನ್ನುವುದು ಕಣ್ಣಿಗೆ ಗೊತ್ತಿರಬೇಕು, ಅಷ್ಟೇ. ಇದ್ದಿಲಿನ ಒಲೆಯಲ್ಲಿ ಕಾಯಿಸಿದ ತಾಮ್ರದ ಕಡ್ಡಿ ಇದ್ದರೆ ಹುಮನಾಬಾದಿನ ಹತ್ತಿರ ಕೆಟ್ಟು ನಿಂತ ಬಸ್ಸನ್ನೂ ಅಲ್ಲೇ ರಿಪೇರಿ ಮಾಡಬಹುದಿತ್ತು. ವಿದ್ಯೆ ಮನುಷ್ಯನ ಜತೆಗೆ ಓಡಾಡುತ್ತಿತ್ತು.

ಆದರೆ ಸಾಲ್ಡರಿಗೆ ಒಂದು ದೋಷ ಉಂಟು. ಕಾದ ಸಾಲ್ಡರು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ತಂತಿಯ ಎಳೆಗಳ ನಡುವೆ ಒಳಕ್ಕೆ ಏರುತ್ತದೆ. ಏರಿದಷ್ಟು ಉದ್ದ ತಂತಿ ಕಡ್ಡಿಯಾಗಿ ಸೆಟೆಯುತ್ತದೆ. ಅದು ಮುಗಿದ ಕಡೆ ಮತ್ತೆ ಮೆತ್ತಗಿನ ಎಳೆಗಳು. ಗಾಡಿ ನಡುಗುವಾಗ ಬಾಗುವುದೆಲ್ಲ ಆ ಒಂದು ಗೆರೆಯಲ್ಲೇ ಆಗುತ್ತದೆ, ದಿನಗಳೆದಂತೆ ಎಳೆಗಳು ಅಲ್ಲೇ ಒಂದೊಂದಾಗಿ ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಸರಿಯಾಗಿಯೇ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಜತೆಗೆ ಹಚ್ಚಿದ ಪೇಸ್ಟು ಆಮ್ಲದ್ದಾಗಿದ್ದು ಸರಿಯಾಗಿ ಒರೆಸದಿದ್ದರೆ ತಾಮ್ರ ಹಸಿರುಗಟ್ಟುತ್ತದೆ. ಮನೆಯ ರೇಡಿಯೊ ಅಲುಗುವುದಿಲ್ಲ, ಅದಕ್ಕೆ ಸಾಲ್ಡರು ಸಾಕು. ಬಸ್ಸು, ವಿಮಾನ, ಹಡಗು ಹಾಗಲ್ಲ.

ಕಾವಿಲ್ಲದೆ ಬರೀ ಒತ್ತಡದಿಂದ ಲೋಹಕ್ಕೆ ಲೋಹ ಸೇರಿಸುವ ವಿದ್ಯೆಯೂ ನಮ್ಮ ಕಡೆ ಇರಲಿಲ್ಲವೇ ಅಂದರೆ, ಇತ್ತು. ಬೀದರಿನಲ್ಲೇ ಇತ್ತು. ಬಿದರಿ ಕುಸುರಿಯವರು ಸತು-ತಾಮ್ರದ ಪಾತ್ರೆಯ ಮೇಲೆ ಉಳಿಯಿಂದ ಗೀರು ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಕೂರಿಸಿ, ಮೇಲಿಂದ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಮೆತ್ತಗಿನ ಬೆಳ್ಳಿ ಗೀರಿನೊಳಗೆ ಹರಡಿ ಅಂಚುಗಳನ್ನು ಕಚ್ಚಿಕೊಳ್ಳುತ್ತದೆ. ಬೆಸುಗೆ ಇಲ್ಲ, ಅಂಟು ಇಲ್ಲ. ಶತಮಾನಗಳ ಹಿಂದಿನ ಹುಕ್ಕಾದ ಬುಡದಲ್ಲಿ ಬೆಳ್ಳಿಯ ಹೂಬಳ್ಳಿ ಇಂದಿಗೂ ಅಲುಗದೆ ಕೂತಿದೆ. ಕ್ರಿಂಪಿಂಗ್ ಅಂದರೆ ತತ್ತ್ವದಲ್ಲಿ ಇದೇ: ಎರಡು ಲೋಹಗಳನ್ನು ಅವು ಹರಿಯುವಷ್ಟು ಒತ್ತಿ, ನಡುವೆ ಗಾಳಿಗೂ ಜಾಗವಿಲ್ಲದ ಹಾಗೆ ಒಂದು ಮಾಡುವುದು. ಒಂದೇ ವ್ಯತ್ಯಾಸ. ಬಿದರಿಯಲ್ಲಿ ಎಷ್ಟು ಬಡಿಯಬೇಕು ಅನ್ನುವುದು ಕುಸುರಿಗನ ಮುಂಗೈಗೆ ಗೊತ್ತು. ಕ್ರಿಂಪಿನಲ್ಲಿ ಅದು ಅಚ್ಚಿಗೆ ಗೊತ್ತು.

ಈ ಅಚ್ಚನ್ನು ಒಂದು ದೊಡ್ಡ ಉದ್ಯಮವಾಗಿ ಬೆಳೆಸಿದವರಲ್ಲಿ ಮುಖ್ಯನಾದವನು ಅಮೆರಿಕದ ಅಂಕಸ್ ವಿಟೇಕರ್. 1941ರಲ್ಲಿ ಆತ ಕಟ್ಟಿದ ಕಂಪನಿಯ ಹೆಸರೇ ಅದರ ಗಿರಾಕಿಗಳು ಯಾರು ಅಂತ ಹೇಳುತ್ತದೆ: ಏರ್‌ಕ್ರಾಫ್ಟ್-ಮರೀನ್ ಪ್ರಾಡಕ್ಟ್ಸ್, ಚಿಕ್ಕದಾಗಿ ಎಎಂಪಿ. ಯುದ್ಧದ ಕಾಲ. ಸಾವಿರಗಟ್ಟಲೆ ವಿಮಾನ, ಹಡಗು ಕಟ್ಟಬೇಕು. ಒಂದೊಂದರಲ್ಲೂ ಲೆಕ್ಕವಿಲ್ಲದಷ್ಟು ತಂತಿಯ ತುದಿಗಳು. ಅಷ್ಟಕ್ಕೂ ಸಾಲ್ಡರ್ ಹಾಕಲು ಪಳಗಿದ ಕೈಗಳನ್ನು ಎಲ್ಲಿಂದ ತರುವುದು? ಸಾಲ್ಡರ್ ಬೇಡದ ಟರ್ಮಿನಲ್ಲು, ಅದನ್ನು ಒತ್ತಲು ಅದಕ್ಕೇ ಹೊಂದುವ ಇಕ್ಕಳ. ಹೊಸದಾಗಿ ಕೆಲಸಕ್ಕೆ ಸೇರಿದವರೂ ಒತ್ತಬಹುದು, ಹತ್ತು ವರ್ಷ ಪಳಗಿದವರ ಹಾಗೆಯೇ ಬರುತ್ತದೆ. ಯುದ್ಧ ಮುಗಿದ ಮೇಲೆ ಕಂಪನಿ ಟರ್ಮಿನಲ್ಲುಗಳನ್ನು ಪಟ್ಟಿಯಂತೆ ಸುರುಳಿ ಸುತ್ತಿ ಮಾರತೊಡಗಿತು, ಅವನ್ನು ಒತ್ತುವ ಯಂತ್ರವನ್ನು ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟಿತು. ಯಂತ್ರ ನಮ್ಮದು, ಪಿನ್ನು ಕೊಂಡರೆ ಬಳಸಿಕೊಳ್ಳಿ ಅನ್ನುವ ವ್ಯಾಪಾರ. ಪಿನ್ನು ಮತ್ತು ಟೂಲು ಎರಡು ಸಾಮಾನುಗಳಲ್ಲ, ಒಂದೇ ಸಾಮಾನಿನ ಎರಡು ಭಾಗ ಅನ್ನುವುದು ಹುಟ್ಟಿನಿಂದಲೇ ಇತ್ತು. ನಾವು ಇವತ್ತು ಕಾರು-ಬೈಕುಗಳಲ್ಲಿ ನೋಡುವ ಚಪ್ಪಟೆ ತಳ್ಳು-ಪಿನ್ನುಗಳಲ್ಲಿ 6.3 ಮಿಲಿಮೀಟರಿನದು ಪ್ರಸಿದ್ಧ, ಅಂದರೆ ಕಾಲು ಇಂಚು. ಎಎಂಪಿಯವರು ಅದನ್ನು ಫಾಸ್ಟನ್ ಎಂಬ ಹೆಸರಿನಲ್ಲಿ ಮಾರಿದರು. ಆ ಕಂಪನಿಯನ್ನು 1999ರಲ್ಲಿ ಟೈಕೋ ಕೊಂಡಿತು, ಈಗ ಅದು ಟಿಇ ಕನೆಕ್ಟಿವಿಟಿ.

ಇತ್ತ ಹೈದರಾಬಾದಿನಲ್ಲಿ 1942ರಲ್ಲೇ ಆಲ್ವಿನ್ ಕಾರ್ಖಾನೆ ಶುರುವಾಗಿತ್ತು. ಊರಿಗೆ ಅದರ ಫ್ರಿಜ್ಜು, ಕೈಗಡಿಯಾರ ನೆನಪಿರಬಹುದು. ಆದರೆ ಆಲ್ವಿನ್‌ನವರು ಬಸ್ಸಿನ ಬಾಡಿ ಕಟ್ಟುವುದರಲ್ಲೂ ಹೆಸರು ಮಾಡಿದ್ದರು. ಬಾಡಿ ಕಟ್ಟುವುದು ಅಂದರೆ ತಗಡು, ಸೀಟು ಮಾತ್ರವಲ್ಲ. ಚಾಸಿಯ ಜತೆ ಬಂದ ನಾಲ್ಕು ತಂತಿಗಳಿಗೆ ಛಾವಣಿಯ ದೀಪ, ಬೋರ್ಡಿನ ದೀಪ, ಬಜರು ಎಲ್ಲವನ್ನೂ ಜೋಡಿಸುವುದು ಬಾಡಿಯವರದೇ ಕೆಲಸ. ಇಂದಿಗೂ ಹಾಗೆಯೇ.

ಕಾರಿನ ಲೋಕದಲ್ಲಿ ಆಗ ಅಂಬಾಸಿಡರಿನ ರಾಜ್ಯ. ಅದರ ತಂತಿಗಳು ಇಂಗ್ಲೆಂಡಿನ ಲೂಕಾಸ್ ಪದ್ಧತಿಯವು. ಕಂದು ಬಣ್ಣ ಬ್ಯಾಟರಿಯಿಂದ ನೇರ ಬರುವುದು, ಬಿಳಿ ಇಗ್ನಿಷನ್ನಿನದು, ಹಸಿರು ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟು, ಕಪ್ಪು ಅರ್ತು. ಹಳೆಯ ಉಸ್ತಾದರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇದನ್ನು ಹೇಳುತ್ತಾರೆ. ತಂತಿಗೆ ತಂತಿ ಸೇರಿಸಲು ಹಿತ್ತಾಳೆಯ ‘ಬುಲೆಟ್’ ಇತ್ತು. ಬಂದೂಕಿನ ಗುಂಡಿನಂಥ ಟೊಳ್ಳು ತುದಿ; ತಂತಿಯನ್ನು ಒಳಗೆ ತೂರಿಸಿ ಮೂತಿಯಲ್ಲಿ ಒಂದು ಹನಿ ಸಾಲ್ಡರು. ಎರಡು ಬುಲೆಟ್‌ಗಳನ್ನು ರಬ್ಬರಿನ ತೋಳಿನೊಳಗೆ ಎರಡೂ ಕಡೆಯಿಂದ ತಳ್ಳಿದರೆ ಮುಗಿಯಿತು. ಮಳೆಗಾಲದಲ್ಲಿ ಕಿಲುಬುಗಟ್ಟಿ ದೀಪ ಆರಿದರೆ ಎಳೆದು, ಎಮರಿ ಕಾಗದದಲ್ಲಿ ಉಜ್ಜಿ, ಮತ್ತೆ ತಳ್ಳುವುದು. ಇಂಗ್ಲೆಂಡಿನವರು ಲೂಕಾಸನ್ನು ‘ಕತ್ತಲೆಯ ರಾಜಕುಮಾರ’ ಅಂತ ಲೇವಡಿ ಮಾಡುತ್ತಿದ್ದರು. ನನಗೆ ಆ ಲೇವಡಿ ಅರ್ಧ ಅನ್ಯಾಯ ಅನ್ನಿಸುತ್ತದೆ. ಕೆಟ್ಟರೂ ಯಾರು ಬೇಕಾದರೂ ಸರಿ ಮಾಡಬಹುದಾದ ಪದ್ಧತಿ ಅದು.

ಬದಲಾದದ್ದು ಎಂಬತ್ತರ ದಶಕದಲ್ಲಿ, ಅದೂ ಒಮ್ಮೆಲೆ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಅದರ ಒಡೆಯರಿಗೆ ಕೊಟ್ಟರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಸಣ್ಣ ಲಾರಿಗಳಿಗೆ ನಾಲ್ಕು ಜಪಾನಿ ಜೋಡಿಗಳು ಭಾರತಕ್ಕೆ ಬಂದವು: ಡಿಸಿಎಂ-ಟೊಯೊಟ, ಸ್ವರಾಜ್-ಮಾಜ್ದಾ, ಐಷರ್-ಮಿತ್ಸುಬಿಷಿ, ಆಲ್ವಿನ್-ನಿಸ್ಸಾನ್. ಇದರಲ್ಲಿ ಕೊನೆಯದು ನಮ್ಮ ಹೈದರಾಬಾದಿನ ಆಲ್ವಿನ್. ಕಾರ್ಖಾನೆ ಇಟ್ಟದ್ದು ಜಹೀರಾಬಾದಿನಲ್ಲಿ, ಬೀದರಿನಿಂದ ಒಂದು ಗಂಟೆಯೊಳಗಿನ ದಾರಿ. ನಿಸ್ಸಾನಿನ ಕ್ಯಾಬ್‌ಸ್ಟಾರ್ ಲಾರಿ ಅಲ್ಲಿ ತಯಾರಾಯಿತು. ಆ ದಶಕ ಮುಗಿಯುವುದರೊಳಗೆ ಕಂಪನಿ ಮಹೀಂದ್ರದ ಕೈಗೆ ಹೋಯಿತು. ಕಾರ್ಖಾನೆ ಈಗಲೂ ಮಹೀಂದ್ರದ್ದೇ. ನನ್ನ ಹೆಡ್‌ಲೈಟು ಆರಿದ್ದು ಆ ಊರು ದಾಟಿದ ಮೇಲೆ ಅನ್ನುವುದನ್ನು ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ.

ಈ ಗಾಡಿಗಳ ಬಾನೆಟ್ಟು ಎತ್ತಿದ ಉಸ್ತಾದರಿಗೆ ಕಂಡದ್ದು ಬೇರೆಯೇ ಲೋಕ. ಬುಲೆಟ್ ಇಲ್ಲ, ಸ್ಕ್ರೂ ಇಲ್ಲ. ಬಿಳಿ, ಕಪ್ಪು ಪ್ಲಾಸ್ಟಿಕ್ಕಿನ ಕಪ್ಲರ್‌ಗಳು. ಒಂದೊಂದರಲ್ಲಿ ಎರಡು, ನಾಲ್ಕು, ಹನ್ನೆರಡು ಪಿನ್ನುಗಳು. ಪಿನ್ನಿನ ಹೊಟ್ಟೆಯಲ್ಲಿ ಒಂದು ಪುಟ್ಟ ನಾಲಿಗೆ. ಒಳಗೆ ತಳ್ಳಿದರೆ ಕಟ್ ಅಂತ ಕೂರುತ್ತದೆ, ಆಮೇಲೆ ಎಳೆದರೆ ಬರುವುದಿಲ್ಲ. ತಂತಿಗಳೂ ಸಪೂರವಾದವು. ಪಿನ್ನಿನ ಬಾಲದಲ್ಲಿ ಎರಡು ಜೊತೆ ರೆಕ್ಕೆ: ಮುಂದಿನ ಜೊತೆ ಬರೀ ತಾಮ್ರವನ್ನು ಹಿಡಿಯಲು, ಹಿಂದಿನ ಜೊತೆ ಮೇಲಿನ ಪ್ಲಾಸ್ಟಿಕ್ಕನ್ನು ಹಿಡಿಯಲು. ಈ ವೈರಿಂಗ್ ಕಿಟ್‌ಗಳನ್ನು ಮಾಡಲೆಂದೇ ಬೇರೆ ಕಾರ್ಖಾನೆಗಳು ಹುಟ್ಟಿದವು. ಮದರ್‌ಸನ್ ಕಂಪನಿ ಜಪಾನಿನ ಸುಮಿಟೊಮೊ ಜತೆ ಸೇರಿದ್ದು 1986ರಲ್ಲಿ. ಅಲ್ಲಿ ಪ್ರತಿ ಪಿನ್ನಿಗೂ ಅದರದೇ ಅಚ್ಚು, ಪ್ರೆಸ್ಸಿಗೆ ಹಾಕಿ ಒತ್ತುವುದು, ಒತ್ತಿದ ಎತ್ತರವನ್ನು ಮೈಕ್ರೊಮೀಟರಿನಲ್ಲಿ ಅಳೆಯುವುದು. ಆ ಎತ್ತರದಲ್ಲಿ ಸಾಮಾನ್ಯವಾಗಿ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಹೆಚ್ಚು ಕಡಿಮೆಯಾದರೆ ಮಾತ್ರ ಕ್ಷಮೆ.

ಕಂಪನಿಯ ಲೆಕ್ಕದಲ್ಲಿ ಕಪ್ಲರ್ ಕೆಟ್ಟರೆ ರಿಪೇರಿ ಇಲ್ಲ, ಕಿಟ್ಟೇ ಬದಲು. ನಮ್ಮ ಲೆಕ್ಕ ಹಾಗಲ್ಲವಲ್ಲ. ಒಂದು ಪಿನ್ನಿಗಾಗಿ ಇಡೀ ಕಿಟ್ಟು ಯಾರು ಕೊಳ್ಳುತ್ತಾರೆ? ಬೇಡಿಕೆ ಇದ್ದಲ್ಲಿ ಬಜಾರು ಸುಮ್ಮನಿರುವುದಿಲ್ಲ. ಬಿಡಿ ಪಿನ್ನುಗಳು ರಾಣಿಗಂಜ್‌ಗೆ, ಕೋಠಿಯ ಗುಜರಾತಿ ಗಲ್ಲಿಗೆ, ಆಟೋನಗರದ ಅಂಗಡಿಗಳಿಗೆ ಪ್ಯಾಕೆಟ್ಟುಗಳಲ್ಲಿ ಬಂದವು. ಕಪ್ಲರ್‌ಗಳೂ ಬಂದವು. ಅಚ್ಚು ಬರಲಿಲ್ಲ. ಪ್ರೆಸ್ಸು ಕಾರ್ಖಾನೆಯಲ್ಲೇ ಉಳಿಯಿತು, ಕಂಪನಿಯ ಕೈ-ಇಕ್ಕಳದ ಬೆಲೆ ಗ್ಯಾರೇಜಿನ ತಿಂಗಳ ಸಂಪಾದನೆಯನ್ನೇ ನುಂಗುವಂಥದು. ಉಸ್ತಾದರ ಕೈಯಲ್ಲಿ ಇದ್ದದ್ದು ಪ್ಲೇಯರು. ಅವರು ಅದರಲ್ಲೇ ರೆಕ್ಕೆ ಮಡಚಿದರು, ನಂಬಿಕೆ ಸಾಲದೆ ಮೇಲೆ ಒಂದು ಹನಿ ಸಾಲ್ಡರನ್ನೂ ಬಿಟ್ಟರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಹಳೆಯ ವಿದ್ಯೆಯನ್ನು ಕಿತ್ತುಕೊಂಡು, ಹೊಸದರ ಅರ್ಧವನ್ನು ಮಾತ್ರ ಕೊಟ್ಟರೆ ಯಾರಾದರೂ ಇನ್ನೇನು ಮಾಡಿಯಾರು.

ಪ್ಲೇಯರಿನಲ್ಲಿ ಒತ್ತಿದರೆ ನಿಜವಾಗಿ ಏನಾಗುತ್ತದೆ? ರೆಕ್ಕೆಗಳು ತಂತಿಯ ಮೇಲೆ ಚಪ್ಪಟೆಯಾಗಿ ಮಲಗುತ್ತವೆ, ಎಳೆಗಳು ಎರಡೂ ಬದಿಗೆ ಹರಡುತ್ತವೆ, ನಡುವೆ ಸಂದು ಉಳಿಯುತ್ತದೆ. ಆ ದಿನಕ್ಕೆ ದೀಪ ಹತ್ತುತ್ತದೆ. ಆದರೆ ಸಂದಿಗೆ ಗಾಳಿ, ತೇವ ಹೋಗುತ್ತದೆ, ತಾಮ್ರದ ಮೇಲೆ ಪೊರೆ ಕಟ್ಟುತ್ತದೆ, ತಡೆ ಏರುತ್ತದೆ. ಏರಿದ ತಡೆ ಕಾಯುತ್ತದೆ, ಕಾದದ್ದು ತಣ್ಣಗಾಗುವಾಗ ಹಿಡಿತ ಇನ್ನಷ್ಟು ಸಡಿಲ. 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ದಾರಿಯಲ್ಲಿ ಒಂದು ಜೋಡಣೆ ಹಾಳಾಗಿ ಅದರ ತಡೆ ಓಮಿನ ಹತ್ತನೇ ಒಂದು ಭಾಗ ಆಯಿತು ಅನ್ನೋಣ. ಅಲ್ಲೇ 0.9 ವೋಲ್ಟು ಸೋರಿಹೋಯಿತು. ಹ್ಯಾಲೊಜೆನ್ ಬಲ್ಬಿಗೆ ಅಷ್ಟು ಕಡಿಮೆಯಾದರೆ ಬೆಳಕಿನ ಕಾಲು ಭಾಗದಷ್ಟು ಹೋದ ಹಾಗೆ. ಸೋರಿದ ಶಕ್ತಿ ಹೋಗುವುದೆಲ್ಲಿಗೆ? 8 ವ್ಯಾಟಿನಷ್ಟು ಕಾವು, ಕಡಲೆಕಾಳಿಗಿಂತ ದೊಡ್ಡದಲ್ಲದ ಒಂದು ಪಿನ್ನಿನಲ್ಲಿ, ಪ್ಲಾಸ್ಟಿಕ್ಕಿನ ಗೂಡಿನೊಳಗೆ. ಇದನ್ನು ಫ್ಯೂಸು ತಡೆಯುವುದಿಲ್ಲ ಅನ್ನುವುದು ಎಲ್ಲರೂ ಮರೆಯುವ ಮಾತು. ಫ್ಯೂಸು ಹೋಗುವುದು ಕರೆಂಟು ಹೆಚ್ಚಾದಾಗ. ಇಲ್ಲಿ ಕರೆಂಟು ಹೆಚ್ಚಾಗಿಲ್ಲ, ಕಡಿಮೆಯೇ ಆಗಿದೆ. ಫ್ಯೂಸಿನ ಕಣ್ಣಿಗೆ ಎಲ್ಲವೂ ಕ್ಷೇಮ. ನನ್ನ ಕಾರಿನಲ್ಲಿ ವಾಸನೆ ಬಂದಾಗಲೂ ಫ್ಯೂಸು ಗಟ್ಟಿಯಾಗಿಯೇ ಇತ್ತು.

ಸರಿಯಾದ ಅಚ್ಚಿನಲ್ಲಿ ಒತ್ತಿದರೆ ಎರಡು ರೆಕ್ಕೆಗಳೂ ಒಳಮುಖವಾಗಿ ಸುರುಳಿ ಸುತ್ತಿ ಎಳೆಗಳ ನಡುವೆ ಇಳಿಯುತ್ತವೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಇಂಗ್ಲಿಷಿನ ‘ಬಿ’ ಅಕ್ಷರವನ್ನು ಮಲಗಿಸಿದ ಹಾಗೆ ಕಾಣುತ್ತದೆ. ಒಳಗಿನ ದುಂಡು ಎಳೆಗಳು ಒತ್ತಡಕ್ಕೆ ಜೇನುಗೂಡಿನ ಕೋಶಗಳಂತೆ ಮೂಲೆಗಳುಳ್ಳ ಆಕಾರಕ್ಕೆ ಬಂದಿರುತ್ತವೆ. ಒತ್ತುವಾಗ ಮೇಲಿನ ಪೊರೆ ಹರಿದು ಹಸಿ ಲೋಹಕ್ಕೆ ಹಸಿ ಲೋಹ ತಾಗುತ್ತದೆ. ಅಲ್ಲಿಗೆ ಗಾಳಿಯೂ ಹೋಗದು. ಮೇಲೆ ಸಾಲ್ಡರು ಬೇಕಿಲ್ಲ. ಮೊದಲೇ ಸಾಲ್ಡರ್ ಹಚ್ಚಿದ ತಂತಿಯನ್ನು ಕ್ರಿಂಪ್ ಮಾಡುವುದಂತೂ ತಪ್ಪೇ ತಪ್ಪು. ತವರ-ಸೀಸ ಮೆತ್ತಗಿನ ಲೋಹ, ಒತ್ತಡದಲ್ಲಿ ನಿಧಾನ ಜಾರುತ್ತ ಹೋಗಿ ಕೊನೆಗೆ ಹಿಡಿತ ಬಿಡುತ್ತದೆ.

ಈಗ ಅಂಗಡಿಯ ಹಿರಿಯರ ಪ್ರಶ್ನೆಗೆ ಬರೋಣ. ಪಿನ್ನು ಯಾವುದು? ಬಜಾರಿನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಕೆಂಪು, ನೀಲಿ, ಹಳದಿ ಚುಕ್ಕೆಗಳಿರುವ ತಗಡಿನ ಇಕ್ಕಳ. ಕೆಲವು ನೂರು ರೂಪಾಯಿ. ವೈರು ಸುಲಿಯುತ್ತದೆ, ಸ್ಕ್ರೂ ಕತ್ತರಿಸುತ್ತದೆ, ಕ್ರಿಂಪೂ ಮಾಡುತ್ತದೆ ಅಂತ ಅದರ ಮೇಲೆ ಬರೆದಿರುತ್ತದೆ. ಆ ಬಣ್ಣಗಳು ಪ್ಲಾಸ್ಟಿಕ್ ಕೊರಳಿನ ಥಿಂಬಲ್‌ಗಳಿಗೆ ಸೇರಿದವು: ಕೆಂಪು 1.5 ಚದರ ಮಿಲಿಮೀಟರಿನವರೆಗಿನ ತಂತಿಗೆ, ನೀಲಿ 2.5ರವರೆಗೆ, ಹಳದಿ 4ರಿಂದ 6ಕ್ಕೆ. ಅವಕ್ಕೆ ಬೇಕಾದದ್ದು ಪ್ಲಾಸ್ಟಿಕ್ಕನ್ನು ಹರಿಯದೆ ಮೇಲಿಂದ ಅಂಡಾಕಾರವಾಗಿ ಅಮುಕುವ ಅಚ್ಚು. ಕಪ್ಲರಿನ ರೆಕ್ಕೆ-ಪಿನ್ನಿಗೆ ಅದು ಸಲ್ಲದು, ಅದಕ್ಕೆ ‘ಬಿ’ ಆಕಾರದ ಅಚ್ಚೇ ಬೇಕು. ಬರಿಮೈಯ ತಾಮ್ರದ ಲಗ್ಗಿಗೆ ಒಂದು ಕಡೆಯಿಂದ ಗುಳಿ ಬೀಳಿಸುವ ಅಚ್ಚು. ಬ್ಯಾಟರಿಯ ದಪ್ಪ ಕೇಬಲಿಗೆ ಆರು ಮೂಲೆಯ ಅಚ್ಚು, ಉದ್ದ ಹಿಡಿಯದ್ದು ಇಲ್ಲವೇ ಹೈಡ್ರಾಲಿಕ್. ಅದನ್ನು ಸುತ್ತಿಗೆಯಲ್ಲಿ ಬಡಿದವರು ಸೆಲ್ಫ್ ಹೊಡೆಯದ ಗಾಡಿಯನ್ನು ತಳ್ಳಿಯೇ ತಳ್ಳುತ್ತಾರೆ. ಲಾರಿ, ಟ್ರ್ಯಾಕ್ಟರುಗಳ ಡಾಯ್ಚ್ ಕಪ್ಲರಿನ ದುಂಡನೆಯ ಗಟ್ಟಿ ಪಿನ್ನಿಗಂತೂ ನಾಲ್ಕು ದಿಕ್ಕಿನಿಂದ ಏಕಕಾಲಕ್ಕೆ ಚುಚ್ಚುವ ಬೇರೆಯೇ ಟೂಲು. ಇವುಗಳಲ್ಲಿ ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಎಲ್ಲಕ್ಕೂ ಒಂದೇ ಟೂಲ್ ಅಂತ ಮಾರುವವರನ್ನು ಎಲ್ಲ ರೋಗಕ್ಕೂ ಒಂದೇ ಮಾತ್ರೆ ಕೊಡುವವರ ಸಾಲಿನಲ್ಲಿ ಕೂರಿಸಬಹುದು.

ಅಚ್ಚಿನ ಆಕಾರ ಗೊತ್ತಾದ ಮೇಲೆ ಅಳತೆ. ಇಲ್ಲಿ ಎಂಬತ್ತರ ದಶಕದ ಆ ಜಪಾನಿ ನಂಟು ಮತ್ತೆ ಕಾಲಿಗೆ ತೊಡರುತ್ತದೆ. ಜಪಾನಿ ಪದ್ಧತಿಯ ತಂತಿಗಳು 0.5, 0.85, 1.25, 2 ಚದರ ಮಿಲಿಮೀಟರು. ಯುರೋಪಿನವು 0.5, 0.75, 1, 1.5, 2.5. ಅಂಗಡಿಯಲ್ಲಿ ಸಿಗುವ ಅಚ್ಚುಗಳ ಮೇಲೆ ಬರೆದಿರುವುದು ಬಹುಪಾಲು ಯುರೋಪಿನ ಅಂಕಿ. 1.25ರ ತಂತಿಯನ್ನು 1.5ರ ಗೂಡಿನಲ್ಲಿ ಒತ್ತಿದರೆ ತುಸು ಸಡಿಲ, 1ರದರಲ್ಲಿ ಒತ್ತಿದರೆ ಎಳೆ ಕತ್ತರಿಸುವ ಭಯ. ಪಿನ್ನಿನ ರೆಕ್ಕೆಯ ದಪ್ಪ, ಉದ್ದವೂ ಲೆಕ್ಕಕ್ಕೆ ಬರುವುದರಿಂದ ಕಾಗದದ ಮೇಲೆ ನಿರ್ಧರಿಸಲು ಆಗುವುದಿಲ್ಲ. ನಾಲ್ಕಾರು ಪಿನ್ನು ಹಾಳು ಮಾಡಿಯೇ ನೋಡಬೇಕು.

ಆಮೇಲೆ ರ‍್ಯಾಚೆಟ್ಟು. ಒಮ್ಮೆ ಒತ್ತಲು ಶುರು ಮಾಡಿದರೆ ಪೂರ್ತಿ ಒತ್ತುವ ತನಕ ಹಿಡಿ ಬಿಚ್ಚಿಕೊಳ್ಳದ ವ್ಯವಸ್ಥೆ ಇದು. ನನ್ನ ಕೇಳಿದರೆ ದುಡ್ಡು ಸುರಿಯಬೇಕಾದದ್ದು ಇಲ್ಲೇ. ಬೆಳಗಿನ ಮೊದಲ ಪಿನ್ನಿಗೂ, ಕೈ ಸೋತ ಸಂಜೆಯ ಕೊನೆಯ ಪಿನ್ನಿಗೂ ಅದು ಒಂದೇ ನ್ಯಾಯ ಮಾಡುತ್ತದೆ. ಅಚ್ಚು ಬದಲಾಯಿಸಬಹುದಾದ ರ‍್ಯಾಚೆಟ್ ಟೂಲು ಕಂಪನಿಯ ಟೂಲಿಗೆ ಸಾಟಿಯಲ್ಲ, ಆದರೆ ಪ್ಲೇಯರಿಗಿಂತ ಗಾವುದ ದೂರ ಮುಂದಿದೆ.

ಒತ್ತಿದ್ದು ಸರಿಯಾಯಿತೇ ಅಂತ ನೋಡಲು ಎಳೆದು ನೋಡುವ ಪರೀಕ್ಷೆ ಇದೆ. ಅಂತರರಾಷ್ಟ್ರೀಯ ಐಇಸಿ ಮಾನದಂಡದ ಪ್ರಕಾರ 0.5 ಚದರ ಮಿಲಿಮೀಟರಿನ ತಂತಿಯ ಕ್ರಿಂಪು ಕನಿಷ್ಠ 60 ನ್ಯೂಟನ್ ಎಳೆತ ತಡೆಯಬೇಕು, 1ರದು 108, 1.5ರದು 150, 2.5ರದು 230. ಅಂದರೆ ಹೆಚ್ಚು ಕಡಿಮೆ 6, 11, 15, 23 ಕಿಲೊ ತೂಕ. ಪ್ರಯಾಣದ ಸೂಟ್‌ಕೇಸು ತೂಗುವ ಕೈ-ತಕ್ಕಡಿ ಇದ್ದರೆ ಮನೆಯಲ್ಲೇ ನೋಡಬಹುದು. ಒಂದು ಎಚ್ಚರಿಕೆ: ಎಳೆತ ತಡೆದ ಮಾತ್ರಕ್ಕೆ ಕರೆಂಟು ಚೆನ್ನಾಗಿ ಹರಿಯುತ್ತದೆ ಎಂದಲ್ಲ. ಹಿಡಿತ ಅತಿ ಹೆಚ್ಚು ಇರುವ ಒತ್ತಡವೂ, ತಡೆ ಅತಿ ಕಡಿಮೆ ಇರುವ ಒತ್ತಡವೂ ಒಂದೇ ಅಲ್ಲ. ಒಳ್ಳೆಯ ಅಚ್ಚು ಇವೆರಡರ ನಡುವೆ ರಾಜಿ ಮಾಡಿರುತ್ತದೆ.

ಇದೆಲ್ಲ ಹೈದರಾಬಾದಿಗೆ ಗೊತ್ತಿಲ್ಲದ ವಿದ್ಯೆ ಅಂದುಕೊಂಡರೆ ತಪ್ಪು. ಬಾಲಾನಗರದಲ್ಲಿ ಎಚ್‌ಎಎಲ್‌ನ ವಿಮಾನ ಎಲೆಕ್ಟ್ರಾನಿಕ್ಸ್ ವಿಭಾಗ 1965ರಿಂದ ಇದೆ. ಇಸಿಐಎಲ್ 1967ರಿಂದ. ಕಂಚನ್‌ಬಾಗ್ ಕಡೆ ಕ್ಷಿಪಣಿಯ ಪ್ರಯೋಗಾಲಯಗಳು. ವಿಮಾನದ ಕೆಲಸದಲ್ಲಿ ಕ್ರಿಂಪಿಂಗ್ ಟೂಲಿಗೆ ನಂಬರು ಇರುತ್ತದೆ, ಗೇಜು ಹಾಕಿ ಅಚ್ಚಿನ ಸವೆತ ನೋಡುತ್ತಾರೆ, ಮಾದರಿ ತುಣುಕನ್ನು ಎಳೆದು ಪರೀಕ್ಷಿಸಿ ಅಂಕಿ ಬರೆದಿಡುತ್ತಾರೆ. ಬಾಲಾನಗರದಿಂದ ರಾಣಿಗಂಜ್‌ಗೆ ಸಿಟಿ ಬಸ್ಸಿನಲ್ಲೇ ಹೋಗಬಹುದು. ಒಂದೇ ಊರಿನಲ್ಲಿ, ಒಂದೇ ತಾಮ್ರಕ್ಕೆ, ಎರಡು ಶಾಸ್ತ್ರ. ಒಂದು ಕಡೆ ಪಿನ್ನಿನ ಜತೆ ಟೂಲೂ ಬಂತು, ಇನ್ನೊಂದು ಕಡೆ ಬರಲಿಲ್ಲ. ನಡುವಿನ ಗೋಡೆಯನ್ನು ಯಾರೂ ಬೇಕೆಂದು ಕಟ್ಟಿದ್ದಲ್ಲ. ಪ್ಯಾಕೆಟ್ಟಿನಲ್ಲಿ ಪಿನ್ನು ಮಾರುವವರಿಗೆ, ಇದಕ್ಕೆ ಯಾವ ಅಚ್ಚು ಅಂತ ಒಂದು ಸಾಲು ಮುದ್ರಿಸುವುದು ಇಷ್ಟು ವರ್ಷವಾದರೂ ಹೊಳೆದಿಲ್ಲ, ಅಷ್ಟೇ. ಆ ಒಂದು ಸಾಲಿನ ಬೆಲೆ ಎಷ್ಟಾದೀತು?

ರಾಣಿಗಂಜಿನ ಹಿರಿಯರು ಕೊನೆಗೆ ನನಗೆ ಎರಡು ಅಚ್ಚಿನ ರ‍್ಯಾಚೆಟ್ ಟೂಲು ಕೊಟ್ಟರು, ಜತೆಗೆ ಒಂದು ಮುಷ್ಟಿ ಪಿನ್ನು. “ಮೊದಲು ಇಪ್ಪತ್ತು ಹಾಳು ಮಾಡು, ಆಮೇಲೆ ಕಾರು ಮುಟ್ಟು” ಅಂದರು. ಹದಿನಾಲ್ಕನ್ನು ಹಾಳು ಮಾಡಿದೆ. ಹದಿನೈದನೆಯದನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡಕ್ಕೆ ಕೊಯ್ದು, ಎಮರಿ ಕಾಗದದಲ್ಲಿ ಉಜ್ಜಿ, ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಜೇನುಗೂಡು ಕಂಡಿತು.

ಅದನ್ನು ನಮ್ಮ ಬೀದಿಯ ಉಸ್ತಾದರಿಗೆ ತೋರಿಸಿದೆ. ಅರವತ್ತು ದಾಟಿದವರು, ಅಂಬಾಸಿಡರಿನ ಕಾಲದಿಂದ ಕೆಲಸ ಮಾಡಿದವರು. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಟೂಲನ್ನು ಕೈಗೆ ತೆಗೆದುಕೊಂಡು, ಒಂದು ಪಿನ್ನು ಇಟ್ಟು, ಒತ್ತಿ, ರ‍್ಯಾಚೆಟ್ಟಿನ ಟಿಕ್ ಟಿಕ್ ಕೇಳಿ ನಕ್ಕರು. ಬುಲೆಟ್ಟಿನ ಮೂತಿಗೆ ಸಾಲ್ಡರು ಬಿಡುತ್ತಿದ್ದ ಕೈ ಅದು. ಮೊದಲನೆಯದೇ ಸರಿಯಾಗಿ ಬಂತು. “ಎರಡು ದಿನ ಇಲ್ಲೇ ಇರಲಿ ಸಾಬ್” ಅಂದರು. ಹಾಗೆ ಕೊಟ್ಟು ಈಗ ಏಳು ತಿಂಗಳಾಯಿತು. ನನಗೆ ಬೇಕಾದಾಗ ನಾನೇ ಅವರ ಗ್ಯಾರೇಜಿಗೆ ಹೋಗಿ, ಸರದಿ ಬರುವ ತನಕ ಸ್ಟೂಲಿನ ಮೇಲೆ ಕೂತಿರುತ್ತೇನೆ.